ಕ್ಷೇತ್ರ ಸಂಯೋಜಕರನ್ನು ಹುಡುಕಲು ಉದ್ಯೋಗ ಜಾಲತಾಣವೋ, ಕನ್ನಡದ ಒಂದು ಪುಟವೋ?

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿಶೋರಿಯರಿಗಾಗಿ ಸಂಜೆ ಕಲಿಕಾ ಕೇಂದ್ರಗಳನ್ನು ನಡೆಸುವ ನಮ್ಮಂತಹ ಸಣ್ಣ ಸಂಸ್ಥೆಗೆ ಕ್ಷೇತ್ರ ಸಂಯೋಜಕರು ಬೇಕಾದಾಗ, ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳಿಗೆ ಕನ್ನಡದಲ್ಲಿ ಒಂದು ಪುಟದ ಪ್ರಕಟಣೆ ಕಳುಹಿಸಿ, ಬಂದವರನ್ನು ಎರಡು ದಿನ ಹಳ್ಳಿಯಲ್ಲಿ ಇರಿಸಿಕೊಳ್ಳುವುದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಉದ್ಯೋಗ ಜಾಲತಾಣಕ್ಕೆ ಹಣ ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಬಂದ ಅಭಿಪ್ರಾಯವಿದು.

ಇಲ್ಲಿ ಇಂಥ ಕೆಲಸಕ್ಕೆ ಜನರನ್ನು ಹುಡುಕುವ ಸಂಸ್ಥೆಗಳ ನಡುವೆ ಪೈಪೋಟಿ ಇದೆ. 2018ರಲ್ಲಿ ರಾಯಚೂರಿನ ಜೊತೆಗೆ ಯಾದಗಿರಿಯೂ ಅಭಿವೃದ್ಧಿಯಲ್ಲಿ ಹಿಂದುಳಿದ ಜಿಲ್ಲೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿಗೆ ಸೇರಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಅದಕ್ಕೂ ಬಹಳ ಹಿಂದಿನಿಂದ ಇಲ್ಲಿ ಕೆಲಸ ಮಾಡುತ್ತಿದೆ. ಹಳ್ಳಿಯಲ್ಲಿ ಉಳಿಯಲು ಸಿದ್ಧರಿರುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ) ಪದವೀಧರರಿಗೆ ನಮ್ಮ ತಿಂಗಳ 24,000 ರೂಪಾಯಿ ಕಡಿಮೆ ಎನಿಸಿದರೆ ಆಶ್ಚರ್ಯವಿಲ್ಲ.

ಮೊದಲ ವರ್ಷ ದೊಡ್ಡ ಜಾಲತಾಣವೊಂದರಲ್ಲಿ ಎರಡು ಹುದ್ದೆಗಳ ಜಾಹೀರಾತು ಹಾಕಿದೆ. ಹತ್ತು ದಿನಗಳಲ್ಲಿ ಮುನ್ನೂರಕ್ಕೂ ಹೆಚ್ಚು ಅರ್ಜಿಗಳು ಬಂದವು. ಹೆಚ್ಚಿನವುಗಳ ಇಂಗ್ಲಿಷ್ ಪತ್ರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಸುರಪುರ ಎಲ್ಲಿದೆ ಎಂಬುದನ್ನು ನೋಡಿಕೊಂಡು ಬರೆದವರು ಹತ್ತು ಮಂದಿಯೂ ಇರಲಿಲ್ಲ.

ಆದರೆ ನನ್ನನ್ನು ನಿಜವಾಗಿ ಸತಾಯಿಸಿದ್ದು ಸಂಬಳದ ಕಾಲಂ. ಮೊತ್ತ ನೋಡಿದರೆ ಒಳ್ಳೆಯವರು ಅರ್ಜಿಯನ್ನೇ ಹಾಕಲಾರರು ಎಂದು ಹೆದರಿ ಅಲ್ಲಿ 'ಸಂಸ್ಥೆಯ ನಿಯಮಾನುಸಾರ' ಎಂದು ಬರೆದಿದ್ದೆ. ಮೂರು ಸುತ್ತಿನ ಸಂದರ್ಶನ ಮುಗಿಸಿ ಮೊತ್ತ ಹೇಳಿದಾಗ ಐವರಲ್ಲಿ ಮೂವರು ವಿನಯದಿಂದಲೇ ಹಿಂದೆ ಸರಿದರು. ನಾಲ್ಕನೆಯವರು ಒಪ್ಪಿ ಬಂದರು, ಈಗಲೂ ಇದ್ದಾರೆ. ಐದನೆಯವರು ನೇಮಕಾತಿ ಪತ್ರಕ್ಕೆ ಸಹಿ ಹಾಕಿ, ಹಳೆಯ ಕೆಲಸದ ನೋಟಿಸ್ ಅವಧಿ ಎಂದು ಅರವತ್ತು ದಿನ ಕೇಳಿ, ಹಾಜರಾಗಬೇಕಾದ ದಿನ ಬೆಳಿಗ್ಗೆ ಫೋನ್ ಆಫ್ ಮಾಡಿಕೊಂಡರು. ನಮ್ಮ ಪತ್ರವನ್ನು ತೋರಿಸಿ ಇದ್ದಲ್ಲಿಯೇ ಸಂಬಳ ಏರಿಸಿಕೊಂಡರೆಂದು ಆಮೇಲೆ ತಿಳಿಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊತ್ತವನ್ನು ಮುಚ್ಚಿಟ್ಟು ಚೌಕಾಶಿ ಶುರು ಮಾಡಿದವನು ನಾನೇ.

ಎರಡು ತಿಂಗಳು ಹುದ್ದೆ ಖಾಲಿ ಉಳಿದದ್ದರ ಪೆಟ್ಟು ಕೇಂದ್ರಕ್ಕಷ್ಟೇ ಬೀಳಲಿಲ್ಲ. ನಮಗೆ ಹಣ ಬರುವುದು ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ. ಮಾರ್ಚ್ 31ಕ್ಕೆ ಲೆಕ್ಕ ಒಪ್ಪಿಸುವಾಗ ಖರ್ಚಾಗದೆ ಉಳಿದ ಸಂಬಳಕ್ಕೆ ವಿವರಣೆ ಬರೆಯಬೇಕಾಯಿತು, ಮರುವರ್ಷದ ಆಯವ್ಯಯದಲ್ಲಿ ಅದೇ ಸಾಲಿಗೆ ಕತ್ತರಿ ಬಿತ್ತು.

ಸ್ವಯಂಸೇವಾ ಸಂಸ್ಥೆಗಳ ಕೆಲಸಗಳಿಗೆಂದೇ ಇರುವ ಜಾಲತಾಣದಲ್ಲಿ ಅರ್ಜಿಗಳು ಕಡಿಮೆ, ಗುಣಮಟ್ಟ ಮೇಲು, ಆದರೆ ಬಹುತೇಕರಿಗೆ ಬೆಂಗಳೂರು ಬಿಡುವ ಮನಸ್ಸಿಲ್ಲ. ಪರಿಚಯಸ್ಥರ ಶಿಫಾರಸು ಅಗ್ಗವೇ ಸರಿ, ಆದರೆ ಬೇಡ ಎನ್ನುವ ಸ್ವಾತಂತ್ರ್ಯ ಅಲ್ಲಿಗೆ ಮುಗಿಯುತ್ತದೆ.

ಮರುವರ್ಷ ಕಲಬುರಗಿ, ವಿಜಯಪುರ, ಧಾರವಾಡಗಳ ವಿಭಾಗಗಳಿಗೆ ಕಳುಹಿಸಿದ ಪ್ರಕಟಣೆಯ ಎರಡನೆಯ ಸಾಲಿನಲ್ಲೇ ಸಂಬಳ ಇತ್ತು. ವಾರದಲ್ಲಿ ನಾಲ್ಕು ಸಂಜೆ ಎಂಟರವರೆಗೆ ಕೆಲಸ, ಕೊನೆಯ ಬಸ್ಸು ಏಳಕ್ಕೇ ಹೋಗುತ್ತದೆ ಎಂಬುದೂ ಇತ್ತು. ಬಂದದ್ದು ಹತ್ತೊಂಬತ್ತು ಅರ್ಜಿ. ಆರು ಮಂದಿಯನ್ನು ಎರಡು ದಿನಗಳ ಭೇಟಿಗೆ ಕರೆದು, ಬಸ್ಸಿನ ಖರ್ಚಿನ ಜೊತೆಗೆ ದಿನಕ್ಕೆ 800 ರೂಪಾಯಿ ಕೊಟ್ಟೆವು. ಕೆಲಸ ಹುಡುಕುವವರ ದಿನಕ್ಕೂ ಬೆಲೆಯಿದೆಯಲ್ಲವೇ? ಇಬ್ಬರು ಮೊದಲ ಸಂಜೆಯೇ ತಮಗಿದು ಒಗ್ಗದು ಎಂದು ಹೇಳಿ ಹೊರಟರು, ನನ್ನ ಎರಡು ತಿಂಗಳು ಉಳಿಯಿತು. ಸಂದರ್ಶನದಲ್ಲಿ ತಡವರಿಸಿದ್ದ ಒಬ್ಬಾಕೆ ಹಾಜರಿ ಪುಸ್ತಕ ತಿರುವಿ, "ಗುಳೇಕ ಹೋದ ಹುಡುಗಿಯರಿಗೂ ಗೈರುಹಾಜರಿ ಅಂತ ಯಾಕ ಬರೀತೀರಿ ಸರ್, ಅವರು ಊರಾಗೇ ಇಲ್ಲಲ್ರೀ" ಎಂದು ಕೇಳಿದರು. ಗುಳೆ ಹೋದವರಿಗೆ, ಅವರು ಹೋದ ಊರಿನ ಹೆಸರಿನೊಂದಿಗೆ, ಈಗ ಬೇರೆಯದೇ ಪುಟವಿದೆ. ಅದನ್ನು ತುಂಬುವವರೂ ಆಕೆಯೇ.

ಇದಕ್ಕೆ ತಗಲಿದ್ದು ಸುಮಾರು 14,000 ರೂಪಾಯಿ, ನನ್ನ ಎರಡು ವಾರ. ಅಷ್ಟು ದಿನ ಕಚೇರಿ ಬಿಟ್ಟು ಹಳ್ಳಿಯಲ್ಲಿ ಕೂರಲಾಗದವರಿಗೆ, ತಿಂಗಳಿಗೆ ಹತ್ತು ಜನರನ್ನು ತೆಗೆದುಕೊಳ್ಳುವ ಸಂಸ್ಥೆಗಳಿಗೆ ಈ ದಾರಿ ಹೊಂದುವುದಿಲ್ಲ. ಲೆಕ್ಕಪತ್ರ ನೋಡಿಕೊಳ್ಳುವವರು ಬೇಕಾದಾಗ ನಾನೂ ಜಾಲತಾಣಕ್ಕೇ ಹೋಗುವವನು. ಮುಂದಿನ ತಿಂಗಳು ಅಂಥದೊಂದು ಹುದ್ದೆಯ ಜಾಹೀರಾತು ಹಾಕಲಿದ್ದೇನೆ, ಸಂಬಳದ ಕಾಲಂನಲ್ಲಿ ಈ ಸಲ ಅಂಕಿಯೇ ಇರುತ್ತದೆ.