ರಾತ್ರಿಯಿಡೀ ಬಯಲಾಟದ ಶೂಟಿಂಗ್‌ಗೆ ಟೇಪಾ, ಕಾರ್ಡಾ?

ಯಕ್ಷಗಾನ ಬಯಲಾಟಗಳನ್ನು ಮೊದಲು ಸೋನಿ ಪಿಡಿ170 ಕ್ಯಾಮೆರಾದಲ್ಲಿ, ಮಿನಿಡಿವಿ ಅನ್ನುವ ಚಿಕ್ಕ ಟೇಪ್ ಕ್ಯಾಸೆಟ್ ಹಾಕಿ ಶೂಟ್ ಮಾಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಎರಡು ಎಸ್‌ಡಿ ಕಾರ್ಡ್ ಹಾಕುವ 4ಕೆ ಕ್ಯಾಮೆರಾ ಬಳಸುತ್ತಿದ್ದೇನೆ. ಶೂಟಿಂಗ್‌ಗೆ ಕಾರ್ಡೇ ಮೇಲು, ಅನುಮಾನವಿಲ್ಲ. ಆದರೆ ಶೂಟ್ ಮಾಡಿದ್ದನ್ನು ಕಾಪಾಡುವ ಕೆಲಸ ಈಗಲೇ ಜಾಸ್ತಿ.

ಪಿಡಿ170ಯಲ್ಲಿ ಮೈಕ್ ಸಿಕ್ಕಿಸುವ ಎರಡು ಎಕ್ಸ್‌ಎಲ್‌ಆರ್ ಕಿಂಡಿ ನನಗೆ ತುಂಬಾ ಇಷ್ಟ. ಭಾಗವತರಿಗೊಂದು ಮೈಕ್, ರಂಗಸ್ಥಳಕ್ಕೊಂದು. ತೊಡಕೆಲ್ಲ ಟೇಪಿನದು. ಡಿವಿಕ್ಯಾಮ್ ಅನ್ನುವ ರೆಕಾರ್ಡಿಂಗ್ ಮೋಡಿನಲ್ಲಿ ಟೇಪ್ ಬೇಗ ಓಡುತ್ತದೆ, 60 ನಿಮಿಷದ ಕ್ಯಾಸೆಟ್ 40 ನಿಮಿಷಕ್ಕೇ ಮುಗಿಯುತ್ತದೆ. ಅದಕ್ಕೇ ದೊಡ್ಡ ವೇಷದ ಪ್ರವೇಶಕ್ಕೆ ಮೊದಲೇ, ಟೇಪ್ ಉಳಿದಿದ್ದರೂ ಬದಲಿಸಿಬಿಡುತ್ತಿದ್ದೆ. ಬೆಳಗಿನ ಜಾವದ ಇಬ್ಬನಿಯೂ ಟೇಪಿಗೆ ಆಗದು. ಟೇಪ್ ಓದುವ, ಬರೆಯುವ ತಿರುಗುವ ಹೆಡ್ ಡ್ರಮ್ ಮೇಲೆ ತೇವ ಕೂತರೆ ಟೇಪ್ ಅಂಟಿಕೊಳ್ಳುತ್ತದೆ. ಕಾರ್ಡಿನಲ್ಲಿ ತಿರುಗುವ ಭಾಗವೇ ಇಲ್ಲ.

ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ಶೂಟ್ ಮಾಡಿದರೆ 128 ಜಿಬಿ ಕಾರ್ಡ್ ಸುಮಾರು ಎರಡೂಮುಕ್ಕಾಲು ಗಂಟೆ ಬರುತ್ತದೆ. ಇಷ್ಟಕ್ಕೆ ವಿ30 ಅನ್ನುವ ವೇಗದ ಗುರುತಿನ ಕಾರ್ಡ್ ಸಾಕು, ಇನ್ನೂ ವೇಗದ ವಿ90ಗೆ ಸುಮ್ನೆ ದುಡ್ಡು ಸುರಿಯಬೇಡಿ. ಎರಡೂ ಕಾರ್ಡಿಗೆ ಒಟ್ಟಿಗೇ ರೆಕಾರ್ಡ್ ಆಗುವಂತೆ ಇಡಿ. ಒಂದು ತುಂಬಿದ ಮೇಲೆ ಇನ್ನೊಂದು ಅಂತ ಇಟ್ಟರೆ ಆಟ ನಡುವೆ ತುಂಡಾಗುವುದಿಲ್ಲ, ನಿಜ. ಆದರೆ ಒಂದು ಕಾರ್ಡ್ ಕೆಟ್ಟರೆ ಅದರಲ್ಲಿದ್ದ ಪ್ರಸಂಗವೆಲ್ಲ ಹೋಗಬಹುದು. ಟೇಪಿನಲ್ಲಿ ಧೂಳಿನಿಂದ ಡ್ರಾಪ್‌ಔಟ್ ಆದರೂ ಕೆಲವು ಫ್ರೇಮ್ ಚೌಕಚೌಕವಾಗಿ ಒಡೆದು, ಮುಂದಿನದು ಸರಿಯಾಗೇ ಬರುತ್ತದೆ.

ಒಂದು ಗಂಟೆಯ ಟೇಪ್ ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಬೇಸರದ ಕೆಲಸ ಅನ್ನುವವರೇ ಜಾಸ್ತಿ. ನನಗೆ ಮಾತ್ರ ಆಟವನ್ನು ಇನ್ನೊಮ್ಮೆ ನೋಡಿದ ಖುಷಿ. ಯಾರ ಕುಣಿತ ಯಾವ ಕ್ಯಾಸೆಟ್ಟಿನಲ್ಲಿದೆ ಅಂತ ತಲೆಯಲ್ಲೇ ಇರುತ್ತಿತ್ತು. ಎಡಿಟಿಂಗ್ ಮುಗಿದರೂ ಮೂಲ ಕ್ಯಾಸೆಟ್ ಕಪಾಟಿನಲ್ಲಿ ಉಳಿಯುತ್ತಿತ್ತು. ಕಾರ್ಡನ್ನಾದರೆ ಮುಂದಿನ ಆಟಕ್ಕೆ ಅಳಿಸಲೇಬೇಕು ಅಲ್ವಾ? ಗಂಟೆಗೆ 45 ಜಿಬಿ ಹಿಡಿದರೆ 9 ಗಂಟೆಯ ಆಟ 400 ಜಿಬಿ ದಾಟುತ್ತದೆ. ಅದನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಬೇಕು. ಈ ಖರ್ಚನ್ನು ಆಟ ಆಡಿಸುವವರಿಗೆ ಮೊದಲೇ ಹೇಳಿಬಿಡಿ.

ಹಳೆಯ ಕ್ಯಾಸೆಟ್ ಇಟ್ಟುಕೊಂಡವರು ದಯವಿಟ್ಟು ಈಗಲೇ ಇಳಿಸಿಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೇಪ್ ಇಳಿಸಲು ಬೇಕಾದ ಫೈರ್‌ವೈರ್ ಕಿಂಡಿ ಇಲ್ಲ, ಟೇಪ್ ಓಡಿಸುವ ಯಂತ್ರಗಳೂ ಕಡಿಮೆಯಾಗುತ್ತಿವೆ. ಇಳಿಸಿದ ಡಿವಿ ಫೈಲ್ ಗಂಟೆಗೆ 13 ಜಿಬಿ ಆಗುತ್ತದೆ, ಅಷ್ಟೇ. ಅದನ್ನು ಹಾಗೇ ಇಡಿ. ಚಿಕ್ಕ ಎಂಪಿ4 ಮಾಡಿಕೊಂಡು ಮೂಲವನ್ನು ಅಳಿಸಬೇಡಿ.