ಬಿಳಿ ಹಲಗೆ, ಸ್ಲೇಟು, ಗೋಡೆ ಹಲಗೆ: ನಲಿಕಲಿ ಕೊಠಡಿಯಲ್ಲಿ ನಾನು ಕಂಡದ್ದು

ನಮ್ಮ ಶಾಲೆಯ ಬೀರುವಿನ ಮೇಲೆ, ಮಗುವಿಗೊಂದರಂತೆ ಕೈಯಲ್ಲಿಟ್ಟು ಮಾರ್ಕರಿನಲ್ಲಿ ಬರೆಯಲೆಂದು ತಂದ 24 ಬಿಳಿ ಹಲಗೆಗಳು ದೂಳು ಹಿಡಿದು ಕುಳಿತಿವೆ. ಹಲಗೆಗೆ 65, ಮಾರ್ಕರಿಗೆ 20, ಒಟ್ಟು 2,040 ರೂಪಾಯಿ ನನ್ನ ಸಂಬಳದಿಂದಲೇ ಹೋಯಿತು. ಜೂನ್‌ನಲ್ಲಿ ತಂದವು ದಸರಾ ರಜೆಗೆ ಮೊದಲೇ ಬೀರು ಹತ್ತಿದವು. ಅಷ್ಟು ದಿನವೂ ಅದೇ ಕೊಠಡಿಯ ಗೋಡೆಯಲ್ಲಿ, ಮಕ್ಕಳು ಸೀಮೆಸುಣ್ಣದಲ್ಲಿ ಬರೆಯಲೆಂದು ಅವರ ಎದೆಮಟ್ಟಕ್ಕೆ ಬಳಿದ ಕಪ್ಪು ಪಟ್ಟಿ ಇದ್ದೇ ಇತ್ತು. ನನ್ನ ಒಲವು ಆ ಪಟ್ಟಿಯ ಕಡೆಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೂ ಅನುಕೂಲ.

ನಮ್ಮದು ನಲಿಕಲಿ ತರಗತಿ, ಎಂದರೆ ಮಕ್ಕಳು ಕಲಿಕೆಯ ಕಾರ್ಡುಗಳನ್ನು ಹಿಡಿದು, ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ಕುಳಿತು ತಂತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ, ಶಿಕ್ಷಕಿ ನಾನೊಬ್ಬಳೇ. ಶಿಕ್ಷಕರ ಸಹಾಯದ ತಟ್ಟೆಯ ಮಕ್ಕಳು ನನ್ನ ಸುತ್ತ ಕುಳಿತಿರುವಾಗ ಸಹಪಾಠಿಗಳ ಸಹಾಯದ ತಟ್ಟೆಯವರು, ಸ್ವಕಲಿಕೆಯ ತಟ್ಟೆಯವರು ತಮ್ಮ ಪಾಡಿಗೆ ಬರೆಯುತ್ತಿರಬೇಕು. ಹಾಗಾಗಿ ಬರೆಯುವ ಸಾಧನವನ್ನು ನಾನು ಅಳೆಯುವುದು ಒಂದೇ ಲೆಕ್ಕದಲ್ಲಿ: ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ "ಮಿಸ್" ಎಂಬ ಕೂಗು ಬರುತ್ತದೆ?

ಬಿಳಿ ಹಲಗೆಯ ದಿನಗಳಲ್ಲಿ ಆ ಕೂಗಿಗೆ ಕೊನೆಯೇ ಇರಲಿಲ್ಲ. ಕಾರಣ ಮಾರ್ಕರಿನ ಮುಚ್ಚಳ.

ಮುಚ್ಚಳ ಇಷ್ಟು ದೊಡ್ಡ ವಿಷಯವಾಗುತ್ತದೆಂದು ಕೊಳ್ಳುವಾಗ ಹೊಳೆದಿರಲಿಲ್ಲ. ಆರು ವರ್ಷದ ಮಗುವಿನ ಬೆರಳಿಗೆ ಹೊಸ ಮಾರ್ಕರಿನ ಮುಚ್ಚಳ ಬಗ್ಗುವುದಿಲ್ಲ. "ಮಿಸ್, ತೆಗೆದುಕೊಡಿ." ಹಲ್ಲಿನಿಂದ ಕಚ್ಚಿ ತೆಗೆದವನ ತುಟಿಯೆಲ್ಲ ಕಪ್ಪು. ತೆಗೆದದ್ದನ್ನು ಹಿಂಬದಿಗೆ ಸಿಕ್ಕಿಸಿ ಎಂದು ಒಂದು ವಾರ ಅಭ್ಯಾಸ ಮಾಡಿಸಿದೆ. ಆ ವಾರ ಓದು ಬರಹಕ್ಕಿಂತ ಮುಚ್ಚಳದ ಪಾಠವೇ ಹೆಚ್ಚಾಯಿತು. ಎರಡನೆಯ ವಾರದಲ್ಲಿ ಮುಚ್ಚಳಗಳು ಬುಗುರಿಯಾದವು, ಸೀಟಿಯಾದವು, ಬೆರಳಿನ ಟೋಪಿಯಾದವು. ಒಬ್ಬಳು ಐದು ಬೆರಳಿಗೂ ಹಾಕಿಕೊಂಡು ಹುಲಿ ಉಗುರು ಎಂದು ಪಕ್ಕದವಳನ್ನು ಹೆದರಿಸಿದಳು. ನನಗೆ ನಗು ಬಂದರೂ ಆ ಐದೂ ಮಾರ್ಕರುಗಳು ಸಂಜೆಯವರೆಗೆ ಬಾಯಿ ತೆರೆದುಕೊಂಡು ಬಿದ್ದಿದ್ದವು.

ಮುಚ್ಚಳವಿಲ್ಲದ ಮಾರ್ಕರ್ ಒಣಗದೆ ಇರುತ್ತದೆಯೇ? ಒಣಗಿದರೆ ಅಕ್ಷರ ಬೂದು ಬಣ್ಣಕ್ಕೆ ತಿರುಗುತ್ತದೆ, ಮಗು ಒತ್ತಿ ಬರೆಯುತ್ತದೆ, ಮೊನೆ ಒಳಗೆ ಹೋಗುತ್ತದೆ. ಜುಲೈ ಮುಗಿಯುವ ಹೊತ್ತಿಗೆ 24ರಲ್ಲಿ ಬರೆಯುತ್ತಿದ್ದವು ಒಂಬತ್ತು. ಒಂಬತ್ತು ಮಾರ್ಕರಿಗೆ ಇಪ್ಪತ್ತನಾಲ್ಕು ಮಕ್ಕಳು ಎಂದರೆ ಆ ಕೊಠಡಿಯ ಗದ್ದಲವನ್ನು ನಾನು ಬೇರೆ ವರ್ಣಿಸಬೇಕಿಲ್ಲ. ಮತ್ತೊಂದು ಡಜನ್ ತಂದು ಟೇಬಲ್ಲಿನ ಖಾನೆಯಲ್ಲಿ ಬೀಗ ಹಾಕಿಟ್ಟೆ. ಬೀಗದ ಕೈ ನನ್ನ ಬಳಿ ಇದ್ದ ಮೇಲೆ ಪ್ರತಿ ಸಲವೂ ನಾನೇ ಏಳಬೇಕು, ನಾನೇ ಕೊಡಬೇಕು. ಸ್ವಕಲಿಕೆ ಎಲ್ಲಿಂದ ಬಂತು?

ಮೊನೆ ದಪ್ಪವಾಗಿದ್ದದ್ದು ಇನ್ನೊಂದು ತೊಡಕು. ಧ ಅಕ್ಷರದ ಕೆಳಗಿನ ಸೀಳು, ಥ ಅಕ್ಷರದ ಹೊಟ್ಟೆಯ ಚುಕ್ಕೆ ಎರಡೂ ಮಸಿಯಲ್ಲಿ ಮುಳುಗಿ ಎಲ್ಲವೂ ದ ಆದವು. ಮಗು ತಪ್ಪು ಬರೆಯಿತೋ, ಮಾರ್ಕರ್ ತಪ್ಪು ಬರೆಯಿತೋ ಹೇಳುವುದೇ ಕಷ್ಟ. ಅಂಗೈಯಲ್ಲಿ ಒರೆಸಿ ಅಂಗಿಗೆ ಬಳಿದುಕೊಂಡವರ ಅಮ್ಮಂದಿರು ಗೇಟಿನ ಬಳಿ ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸ್ಲೇಟಿನ ಬಗ್ಗೆ ನನಗೆ ದ್ವೇಷವಿಲ್ಲ. ಧಾರವಾಡದ ಕಡೆಯವರು ಪಾಟಿ ಎನ್ನುತ್ತಾರೆ, ಅದೇ. ಬಳಪ ಸ್ವಲ್ಪ ಗೀರಿಕೊಂಡು ಹೋಗುವುದರಿಂದ ಕೈಗೆ ಹಿಡಿತ ಸಿಗುತ್ತದೆ, ನಮ್ಮ ದುಂಡು ಅಕ್ಷರಗಳಿಗೆ ಆ ಹಿಡಿತ ಬೇಕು. ಬಿಳಿ ಹಲಗೆಯ ಮೇಲೆ ಜಾರಿ ಮೊಟ್ಟೆಯಾಗುತ್ತಿದ್ದ ರ ಸ್ಲೇಟಿನ ಮೇಲೆ ರ ಆಗಿಯೇ ನಿಲ್ಲುತ್ತದೆ. ಆದರೆ ಹಂಚಲು ನಾಲ್ಕು ನಿಮಿಷ, ಮರಳಿ ಜೋಡಿಸಲು ನಾಲ್ಕು ನಿಮಿಷ, ನಡುವೆ ನೆಲಕ್ಕೆ ಬಡಿಯುವ ಸದ್ದು. ಎಂಜಲು ಹಚ್ಚಿ ಒರೆಸುವವರಿಗೆ ಒದ್ದೆ ಬಟ್ಟೆ ಕೊಟ್ಟು ಸರಿಮಾಡಬಹುದು. ಬಳಪ ತಿನ್ನುವವರನ್ನು ಬಿಡಿಸಲು ನನಗೆ ಇನ್ನೂ ಬಂದಿಲ್ಲ. ಮನೆಗೆ ಕಳಿಸಿದರೆ ಚೀಲದಲ್ಲೇ ಉಜ್ಜಿ ಅಳಿಸಿಹೋಗುತ್ತದೆ, "ಇವತ್ತು ಏನೂ ಬರೆಸಲಿಲ್ಲವೇ ಮಿಸ್?" ಎಂದು ಮರುದಿನ ಕೇಳಿಸಿಕೊಳ್ಳಬೇಕು.

ಎರಡು ಗೆರೆಯ ಪುಸ್ತಕ ಎರಡನೆಯ ತರಗತಿಯಿಂದ ಸರಿ. ಒಂದನೆಯದರಲ್ಲಿ ರಬ್ಬರು ಹುಡುಕುವುದರಲ್ಲೇ ಅವಧಿ ಮುಗಿಯುತ್ತದೆ.

ಇನ್ನು ಗೋಡೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದಾಗ ನಮ್ಮ ಕೊಠಡಿಗೂ ಈ ಪಟ್ಟಿ ಬಂತು. ಪಟ್ಟಿಯನ್ನು ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕದ ಮೇಲೆ ಮಗುವಿನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ಬೆಳಗ್ಗೆ ಅಂದಿನ ಬಿಸಿಲು, ಮೋಡ, ಮಳೆಯನ್ನು ಗುರುತಿಸುವ ಹವಾಮಾನ ನಕ್ಷೆ ತುಂಬಿದ ಮೇಲೆ ಯಾರೂ ಹೇಳದೆ ತಂತಮ್ಮ ಚೌಕಕ್ಕೆ ಹೋಗುತ್ತಾರೆ. ಮೊದಲು ಮೇಲಿರುವ ಹೆಸರನ್ನು ನೋಡಿ ಬರೆಯುವುದು, ಆಮೇಲೆ ಅಂದಿನ ಕಾರ್ಡಿನ ಪದ. ರ, ಗ, ಸ, ದ, ಅ ಕಲಿತವರು ಐದೇ ಅಕ್ಷರಗಳಲ್ಲಿ ಸರ, ಅಗಸ, ಅರಸ, ಗರಗಸ ಎಂದು ಸಾಲಾಗಿ ಇಳಿಸುತ್ತಾರೆ. ಹಂಚುವುದಿಲ್ಲ, ಜೋಡಿಸುವುದಿಲ್ಲ, ಕಳೆಯುವುದಿಲ್ಲ. ಗೋಡೆಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ನಾನು ನನ್ನ ಗುಂಪಿನೊಂದಿಗೆ ಕುಳಿತಲ್ಲಿಂದಲೇ ತಲೆ ತಿರುಗಿಸಿದರೆ ಯಾರ ಸ ಉಲ್ಟಾ ಆಗಿದೆ ಎಂದು ಕಾಣುತ್ತದೆ. ಸ್ಲೇಟಾದರೆ ಮಗು ಅದನ್ನು ನನ್ನ ಬಳಿಗೆ ತರಬೇಕು, ತರುವ ದಾರಿಯಲ್ಲಿ ಇಬ್ಬರಿಗೆ ಡಿಕ್ಕಿ ಹೊಡೆಯಬೇಕು. ಪಕ್ಕದ ಚೌಕ ನೋಡಿ ಬರೆಯುತ್ತಾರೆ ಎಂಬ ದೂರು ಸಹೋದ್ಯೋಗಿಗಳದ್ದು. ನೋಡಿ ಬರೆಯಲಿ, ಒಂದನೆಯ ತರಗತಿಯಲ್ಲಿ ಅದೂ ಕಲಿಕೆಯೇ.

ಕುಂದು ಇಲ್ಲದಿಲ್ಲ. ನಮ್ಮ ಗೋಡೆಗೆ ಹಿಡಿಸುವುದು 17 ಚೌಕ, ಎರಡು ಸರದಿ ಮಾಡಲೇಬೇಕು. ಮಳೆಗಾಲದಲ್ಲಿ ಕಿಟಕಿ ಬದಿಯ ಗೋಡೆ ತೇವ ಹಿಡಿದರೆ ಸೀಮೆಸುಣ್ಣ ಮೂಡುವುದಿಲ್ಲ, ಆ ಮೂರು ಚೌಕದವರಿಗೆ ಸ್ಲೇಟೇ ಗತಿ. ಸುಣ್ಣದ ಪುಡಿಗೆ ಕೆಮ್ಮುವ ಒಬ್ಬ ಹುಡುಗನಿಗೂ ಅಷ್ಟೇ. ಒಮ್ಮೆ ಪೇಂಟರ್ ಹೊಳಪಿನ ಬಣ್ಣ ಬಳಿದು ಹೋದ, ಆ ವರ್ಷ ಸುಣ್ಣ ಗಾಜಿನ ಮೇಲೆ ಬರೆದಂತೆ ಜಾರಿತು.

ಹತ್ತು ಮಕ್ಕಳಿದ್ದು, ಜೊತೆಗೆ ಸಹಾಯಕಿಯೊಬ್ಬಳಿದ್ದರೆ ಬಿಳಿ ಹಲಗೆಯೂ ನಡೆದೀತು. ನನ್ನ ಕೊಠಡಿಗೆ, ನನ್ನ ಗಂಟಲಿಗೆ ಗೋಡೆಯೇ ಸರಿ. ಈ ಬೇಸಿಗೆಯಲ್ಲಿ ಒಂದು ಲೀಟರ್ ಹೊಳಪಿಲ್ಲದ ಬ್ಲಾಕ್‌ಬೋರ್ಡ್ ಪೇಂಟ್ ತಂದು ಬಾಗಿಲಿನ ಹಿಂಬದಿಗೂ ಬಳಿಸುತ್ತೇನೆ, ಎರಡು ಚೌಕ ಹೆಚ್ಚಾಗುತ್ತವೆ. ಉಳಿದ ಐದಕ್ಕೆ ಜಾಗ ಹುಡುಕುತ್ತಿದ್ದೇನೆ. ಬೀರುವಿನ ಬಾಗಿಲ ಮೇಲೆ ಕಣ್ಣಿದೆ, ಮುಖ್ಯ ಶಿಕ್ಷಕರು ಇನ್ನೂ ಒಪ್ಪಿಲ್ಲ.