ಮಳೆಗಾಲದ ಅಡುಗೆಮನೆಗೆ ಯಾವ ಒಲೆ?

ಮೂಡಿಗೆರೆ ಸೀಮೆಯ ನಮ್ಮ ಮನೆಯಲ್ಲಿ ಸೌದೆ ಒಲೆ, ಅಸ್ತ್ರ ಒಲೆ, ಗೋಬರ್ ಗ್ಯಾಸ್, ಸಿಲಿಂಡರ್ ಮತ್ತು ಇಂಡಕ್ಷನ್ ಒಲೆ ಈ ಐದರಲ್ಲೂ ಅಡುಗೆ ಮಾಡಿದ್ದೇವೆ. ಇವುಗಳ ಗುಣಾವಗುಣಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ಒರೆಗಲ್ಲು.

ಕಾಫಿ ತೋಟವಿದ್ದವರಿಗೆ ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳನ್ನು ಸವರುವಾಗ, ಬೀಳುವ ಕೊಂಬೆಗಳಿಂದ ವರ್ಷದ ಸೌದೆ ಒದಗುತ್ತದೆ. ತೋಟದ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿರುವವರು ಅದಕ್ಕೂ ಯಜಮಾನರ ಅಪ್ಪಣೆ ಕೇಳಬೇಕು. ಕಡುಬು ಬೇಯಿಸಲು, ಕೆಂಡದ ಮೇಲೆ ಅಕ್ಕಿರೊಟ್ಟಿ ಉಬ್ಬಿಸಲು ಸೌದೆ ಒಲೆಗೆ ಸಮನಾದದ್ದಿಲ್ಲ. ಆದರೆ ಹಸಿ ಸೌದೆಯ ಹೊಗೆಯನ್ನು ಮಳೆಗಾಲವಿಡೀ ಕುಡಿಯುವವರು ಹೆಂಗಸರು ಮತ್ತು ಅವರ ಮಗ್ಗುಲಲ್ಲಿ ಕುಳಿತ ಮಕ್ಕಳು. ಈ ಒಂದೇ ಕಾರಣಕ್ಕೆ ಹೊಗೆಕೊಳವೆಯಿಲ್ಲದ ಒಲೆಯನ್ನು ನಾನು ಯಾರಿಗೂ ಹೇಳಲಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ ಉರಿದು, ಪಾತ್ರೆಗಳ ತಳವನ್ನು ಒಂದಾದ ಮೇಲೊಂದರಂತೆ ಕಾಯಿಸಿ, ಹೊಗೆ ಕೊಳವೆಯಿಂದ ಮಾಡಿನಾಚೆ ಹೋಗುತ್ತದೆ. ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಅಷ್ಟು ಮಾಡಿದರೆ ಸೌದೆಯೂ ಉಳಿಯುತ್ತದೆ, ಕಣ್ಣೂ ಉರಿಯುವುದಿಲ್ಲ.

ಗೋಬರ್ ಗ್ಯಾಸಿನ ಉರಿ ನೀಲಿ, ಖರ್ಚಿಲ್ಲ, ಹೊರಬರುವ ಬಗ್ಗಡ ಕಾಫಿ ಗಿಡಕ್ಕೆ ಒಳ್ಳೆಯ ಗೊಬ್ಬರ. ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುವ ಗುಂಡಿಗೆ ದಿನವೂ ಸುಮಾರು 50 ಕಿಲೋ ಸಗಣಿ ಬೇಕಾಗುವುದರಿಂದ, ಹಗಲಿಡೀ ಹೊರಗೆ ಮೇಯುವ ಸಣ್ಣ ಗಾತ್ರದ ಮಲೆನಾಡು ಗಿಡ್ಡದ ಒಂದೆರಡು ಹಸುಗಳನ್ನು ನಂಬಿ ಅದನ್ನು ಕಟ್ಟಿಸಬಾರದು. ಥಂಡಿ ಹಿಡಿದ ದಿನಗಳಲ್ಲಿ ಗುಂಡಿಯೊಳಗಿನ ಕೊಳೆಯುವಿಕೆ ನಿಧಾನವಾಗಿ ಅನಿಲವೂ ತಗ್ಗುತ್ತದೆ.

ಇಂಡಕ್ಷನ್ ಒಲೆ ಚುರುಕಾದದ್ದು, ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನಿರುಪಯೋಗಿ. ಬಡವರ ಅಲ್ಯೂಮಿನಿಯಂ ಪಾತ್ರೆಗಳು ಅದರ ಮೇಲೆ ಕಾಯುವುದೇ ಇಲ್ಲ. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್ ಆದರೂ, ಪ್ರತಿ ಮನೆಯ ಪಾಲು 2022–23ರ ಸರಾಸರಿ ಬಳಕೆಗೆ ಅಲ್ಪ ಸೇರಿಸಿ ನಿಗದಿಯಾದದ್ದು. ಆಗ ಒಂದೆರಡು ಬಲ್ಬುಗಳಲ್ಲೇ ಬದುಕಿದವರಿಗೆ ಅಡುಗೆಗೆ ಮಿಗುವ ಉಚಿತ ವಿದ್ಯುತ್ ಇಲ್ಲ.

ಸಿಲಿಂಡರಿಗೆ ಮಳೆಯ ಹಂಗಿಲ್ಲ. ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡಲು 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಠೇವಣಿಯ ಭಾರವನ್ನು ಇಳಿಸಿತಾದರೂ, 14.2 ಕಿಲೋ ಸಿಲಿಂಡರಿನ ಪೂರ್ಣ ಬೆಲೆಯನ್ನು ಮೊದಲೇ ಕೊಟ್ಟು, ಸಬ್ಸಿಡಿ ಬ್ಯಾಂಕಿಗೆ ಬರುವವರೆಗೆ ಕಾಯಬೇಕು. ಮಳೆಗೆ ಕೂಲಿ ನಿಂತ ವಾರದಲ್ಲಿ ಅಷ್ಟು ಹಣ ಒಟ್ಟಿಗೆ ಹೊಂದುವುದಿಲ್ಲ. ಹೀಗಾಗಿ ಗ್ಯಾಸ್ ಚಹಾಕ್ಕೆ, ಮಗುವಿನ ಹಾಲಿಗೆ ಮೀಸಲಾಗಿ, ಅನ್ನ ಸೌದೆಯಲ್ಲೇ ಬೇಯುತ್ತದೆ. ಬಚ್ಚಲ ಹಂಡೆಯನ್ನಂತೂ ಗ್ಯಾಸಿನಲ್ಲಿ ಕಾಯಿಸುವವರೇ ಇಲ್ಲ.

ಕೊಟ್ಟಿಗೆ ತುಂಬ ದನಗಳಿರುವ ಮನೆಗೆ ಗೋಬರ್ ಗ್ಯಾಸ್ ಮೊದಲು, ಥಂಡಿ ದಿನಗಳಿಗೆ ಸಿಲಿಂಡರ್ ಆಸರೆ ಎಂಬುದು ನನ್ನ ತೀರ್ಮಾನ. ದನವಿಲ್ಲದ ಕೂಲಿ ಕುಟುಂಬಕ್ಕೆ ಹೊಗೆಕೊಳವೆಯ ಒಲೆಯನ್ನು ಮನೆ ಕಟ್ಟುವಾಗಲೇ ಹಾಕಿಕೊಡಬೇಕು, ಜೊತೆಗೆ ವಾರದ ಕೂಲಿಯಲ್ಲಿ ಕೊಳ್ಳಬಹುದಾದ ಐದು ಕಿಲೋ ಸಿಲಿಂಡರ್ ಊರಿನ ಅಂಗಡಿಯಲ್ಲೇ ಸಿಗಬೇಕು.